ಮೊಸುಲ್: ಬೀದಿ ಗೆದ್ದದ್ದು ಬುಲ್ಡೋಜರ್

ಇರಾಕಿನ ಮೊಸುಲ್ ನಗರದ ಕಾಳಗದ ದೃಶ್ಯಗಳನ್ನು ನೋಡುವಾಗ ಸೇನೆಯ ಎಂಜಿನಿಯರ್ ದಳದಲ್ಲಿ ದುಡಿದ ನನ್ನಂಥವರ ಕಣ್ಣಿಗೆ ಮೊದಲು ಬೀಳುವುದು ಬುಲ್ಡೋಜರ್. ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರ ಹಿಡಿತದಲ್ಲಿದ್ದ ಆ ನಗರವನ್ನು ಮರಳಿ ಪಡೆಯಲು 2016ರ ಅಕ್ಟೋಬರ್ 17ರಂದು ಇರಾಕಿ ಸೇನೆ ಹೊರಟಿತು. ಬೀದಿಗಳೊಳಗೆ ನುಗ್ಗಿದ ತುಕಡಿಗಳ ಜೊತೆ ಉಕ್ಕು ಹೊದ್ದ ಬುಲ್ಡೋಜರ್ ಇದ್ದೇ ಇರುತ್ತಿತ್ತು.

ಅದಕ್ಕೆ ಕಾರಣ ಕಾರ್ ಬಾಂಬ್. ಸುತ್ತಲೂ ಉಕ್ಕಿನ ಹಾಳೆ ಬೆಸೆದು, ಚಾಲಕನಿಗೆ ಇಣುಕಲು ಸೀಳುಗಂಡಿಯಷ್ಟೇ ಬಿಟ್ಟ ವಾಹನ ಅದು. ಸೇನೆ ಮುಖ್ಯರಸ್ತೆಯಲ್ಲಿ ಸಾಗುತ್ತಿದ್ದರೆ ಇದು ಪಕ್ಕದ ಗಲ್ಲಿಯಲ್ಲಿ ಹೊಂಚು ಹಾಕುತ್ತಿತ್ತು. ಬಂದೂಕಿನ ಗುಂಡು ಅದಕ್ಕೆ ತಾಗದು; ರಾಕೆಟ್ ಹೆಗಲಿಗೇರಿಸುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಹಾಗಾಗಿ ಒಂದು ಬೀದಿ ಕೈಗೆ ಬಂದ ಕೂಡಲೇ ಬುಲ್ಡೋಜರ್ ಚಾಲಕ ಅಡ್ಡರಸ್ತೆಗಳ ಬಾಯಿಗೆ ಮಣ್ಣು, ಗೋಡೆಯ ಚೂರು, ಸುಟ್ಟ ಕಾರು, ಸಿಕ್ಕಿದ್ದನ್ನೆಲ್ಲ ತಳ್ಳಿ ದಿಬ್ಬ ಎಬ್ಬಿಸುತ್ತಿದ್ದ. ದಿಬ್ಬ ಏಳುವವರೆಗೆ ಆ ಬೀದಿ ಗೆದ್ದ ಲೆಕ್ಕಕ್ಕಿಲ್ಲ. ಆಮೆವೇಗದ ಆ ಯಂತ್ರ ಶತ್ರುವಿಗೆ ಎಷ್ಟು ಸಲೀಸಾದ ಗುರಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪದಕ ಹಂಚುವಾಗ ಇಂಥ ಚಾಲಕರು ಯಾರಿಗೂ ನೆನಪಾಗುವುದಿಲ್ಲ, ಅದು ಬೇರೆ ಮಾತು.

ಆಕಾಶದಿಂದಲೂ ಇದೇ ಕೆಲಸ ನಡೆಯಿತು. ಅಮೆರಿಕ ನೇತೃತ್ವದ ವಿಮಾನಗಳು ರಸ್ತೆಗಳಲ್ಲಿ ಹೊಂಡ ಕೆಡವಿದವು, ನಗರವನ್ನು ಪೂರ್ವ, ಪಶ್ಚಿಮವೆಂದು ಸೀಳುವ ಟೈಗ್ರಿಸ್ ನದಿಯ ಐದೂ ಸೇತುವೆಗಳನ್ನು ಮುರಿದವು. ಪಶ್ಚಿಮದಿಂದ ಪೂರ್ವ ದಡಕ್ಕೆ ಶತ್ರುವಿನ ಸರಬರಾಜು ಕುಗ್ಗಿತು. 2017ರ ಜನವರಿಯಲ್ಲಿ ಪೂರ್ವ ಭಾಗ ಕೈಸೇರಿತು. ಆದರೆ ಮುರಿದ ಸೇತುವೆ ಇಬ್ಬರಿಗೂ ಮುರಿದದ್ದೇ. ಫೆಬ್ರುವರಿಯಲ್ಲಿ ಪಶ್ಚಿಮ ದಡದ ಮೇಲಿನ ದಾಳಿ ದಕ್ಷಿಣದಿಂದ, ವಿಮಾನ ನಿಲ್ದಾಣದ ದಿಕ್ಕಿನಿಂದ ಶುರುವಾಗಬೇಕಾಯಿತು. ಏಪ್ರಿಲ್‌ನಲ್ಲಿ ನದಿ ಉಕ್ಕಿದಾಗ ತೇಲುಸೇತುವೆಗಳೂ ನಿಂತುಹೋಗಿ, ನಗರ ಬಿಟ್ಟು ಓಡುತ್ತಿದ್ದ ಕುಟುಂಬಗಳು ನಡುದಾರಿಯಲ್ಲಿ ಸಿಕ್ಕಿಕೊಂಡವು.

ಪಶ್ಚಿಮದ ಹಳೆಯ ನಗರದ ಓಣಿಗಳಿಗೆ ಬುಲ್ಡೋಜರ್ ಇರಲಿ, ಜೀಪು ಕೂಡ ನುಗ್ಗುವಂತಿರಲಿಲ್ಲ. ನೆಲದ ಮೇಲೆ ದಾರಿ ಮುಚ್ಚಿದಷ್ಟೂ ಸೇನೆ ವಿಮಾನದ ಬಾಂಬಿಗೆ ಮೊರೆಹೋಗುತ್ತದೆ; ನನಗೆ ಭಯ ಹುಟ್ಟಿಸುವುದು ಈ ಚಾಳಿ. ಮಾರ್ಚ್ 17ರಂದು ಪಶ್ಚಿಮ ಮೊಸುಲ್‌ನ ಅಲ್ ಜದೀದಾದಲ್ಲಿ ಮಾಳಿಗೆಯ ಮೇಲಿದ್ದ ಇಬ್ಬರು ಸ್ನೈಪರ್‌ಗಳಿಗೆಂದು ಒಂದು ಬಾಂಬ್ ಹಾಕಲಾಯಿತು. ಕಟ್ಟಡದಲ್ಲಿ ಐಎಸ್ ಇರಿಸಿದ್ದ ಸ್ಫೋಟಕವೂ ಸಿಡಿದು 105 ನಾಗರಿಕರು ಸತ್ತರೆಂದು ಅಮೆರಿಕದ ಸೇನಾ ತನಿಖೆಯೇ ಹೇಳಿತು.

ಜುಲೈ 10ರಂದು ಪ್ರಧಾನಿ ಹೈದರ್ ಅಲ್ ಅಬಾದಿ ವಿಜಯ ಸಾರಿದರು. ಅಲ್ಲಿಂದ ಮುಂದೆ ಸಿಡಿಮದ್ದು ತೆಗೆಯುವವರ ಪಾಳಿ. ಫ್ರಿಜ್, ಆಟಿಕೆಗಳಿಗೂ ಬಾಂಬ್ ಕಟ್ಟಿಟ್ಟಿದ್ದ ಮನೆಗಳಲ್ಲಿ ಅದು ವರ್ಷಗಟ್ಟಲೆ ಹಿಡಿಯುವ ಕೆಲಸ.