ಬೀರುವಿನಲ್ಲಿ ಉಳಿದ ಒನ್ ಟ್ವೆಂಟಿ ಕ್ಯಾಮೆರಾ: ಬೆಲೆ ಹೆಸರಿಗೋ, ಲೆನ್ಸಿಗೋ?

ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಸ್ಟುಡಿಯೋಗಳಲ್ಲಿ, ಕಾಫಿ ತೋಟದ ಮನೆಗಳಲ್ಲಿ ಒನ್ ಟ್ವೆಂಟಿ (120) ಅನ್ನುವ ಅಗಲ ಫಿಲ್ಮ್ ರೋಲಿನ ಕ್ಯಾಮೆರಾಗಳು ಇನ್ನೂ ಉಳಿದಿವೆ. ಈಚೆಗೆ ಅವು ಮತ್ತೆ ಹೊರಗೆ ಬರುತ್ತಿವೆ. ಫಿಲ್ಮ್ ಮೇಲೆ ಆಸೆ ಹುಟ್ಟಿದ ಹುಡುಗ ಹುಡುಗಿಯರು ಹುಡುಕಿಕೊಂಡು ಬರುತ್ತಾರೆ. ಮನೆಯವರು ಕೇಳುವುದು ಒಂದೇ: ಇದಕ್ಕೆ ಎಷ್ಟು ಸಿಗುತ್ತೆ? ರೋಲಿಫ್ಲೆಕ್ಸ್ ಅಂದರೆ ಜಾಸ್ತಿ, ಯಾಶಿಕಾ ಅಂದರೆ ಕಡಿಮೆ ಅಂತ ಲೆಕ್ಕ ಹಾಕುವವರೇ ಹೆಚ್ಚು. ಮಲೆನಾಡಿನ ಮಟ್ಟಿಗೆ ಈ ಲೆಕ್ಕ ಸರಿಯಲ್ಲ.

120 ಫಿಲ್ಮನ್ನು ಕೊಡಕ್ ಕಂಪನಿ ತಂದಿದ್ದು 1901ರಲ್ಲಿ, ಬ್ರೌನಿ ಅನ್ನುವ ಅಗ್ಗದ ಡಬ್ಬಿ ಕ್ಯಾಮೆರಾಕ್ಕಾಗಿ. ಆರು ಸೆಂಟಿಮೀಟರ್ ಅಗಲದ ಫಿಲ್ಮು, ಬೆನ್ನಿಗೆ ಕಾಗದ, ಕಾಗದದ ಮೇಲೆ ಅಂಕಿ. ಇವತ್ತಿಗೂ ಅದೇ ರೂಪ. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಿಂದ ರೋಲಿಫ್ಲೆಕ್ಸ್ ಬಂತು. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಟ್ವಿನ್ ಲೆನ್ಸ್ ಅನ್ನುವುದು ಇದನ್ನೇ. ಮುಂದೆ ಯಾಶಿಕಾ, ಮಾಮಿಯಾ, ಚೀನಾದ ಸೀಗಲ್, ರಷ್ಯಾದ ಲುಬಿಟೆಲ್ ಎಲ್ಲವೂ ಇದೇ ದಾರಿ ಹಿಡಿದವು. ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಮಾತ್ರ 1948ರಲ್ಲಿ ಒಂದೇ ಲೆನ್ಸಿನ, ಬಿಡಿಸಿ ಜೋಡಿಸಬಹುದಾದ ಪೆಟ್ಟಿಗೆ ಮಾಡಿತು. 1957ರ ಅದರ 500ಸಿ ಮಾದರಿಯ ಮನೆತನದ್ದೇ ಮುಂದೆ ಚಂದ್ರನ ಮೇಲೂ ಹೋಯಿತು.

ನಮ್ಮಲ್ಲಿ ಕಥೆ ಬೇರೆ. ಆಮದಿಗೆ ಬಿಗಿ ಇದ್ದ ಕಾಲ. ಸಾಮಾನ್ಯ ಮನೆಗಳಿಗೆ ಬಂದಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರುಮಾಡಿತು, 'ಇಂದು' ಹೆಸರಿನ ಫಿಲ್ಮು, ಪೇಪರ್ ಅಂಗಡಿಗೆ ಬಂದವು. ಜರ್ಮನ್ ಅಥವಾ ಜಪಾನಿ ಟ್ವಿನ್ ಲೆನ್ಸ್ ಇದ್ದ ಸ್ಟುಡಿಯೋಗೆ ಅದೇ ಬಂಡವಾಳ. ಅದೇ ಕ್ಯಾಮೆರಾ ಮದುವೆಗೂ ಹೋಗಬೇಕು, ಶಾಲೆಯ ಗ್ರೂಪ್ ಫೋಟೋಗೂ ಹೋಗಬೇಕು.

ದೊಡ್ಡ ನೆಗೆಟಿವ್ ಯಾಕೆ ಬೇಕಿತ್ತು ಅನ್ನುವುದಕ್ಕೆ ಉತ್ತರ ಡಾರ್ಕ್ ರೂಮಿನಲ್ಲಿದೆ. ಚೌಕ ನೆಗೆಟಿವ್‌ನ ಅಳತೆ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಸಣ್ಣ ರೋಲಿನ 35 ಎಂಎಂ ನೆಗೆಟಿವ್‌ಗಿಂತ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗಿಂತ ಜಾಸ್ತಿ. ಅಷ್ಟು ಜಾಗ ಇದ್ದಾಗ ಮುಖದ ಮೇಲಿನ ಕಲೆಯನ್ನು ಚೂಪಾದ ಪೆನ್ಸಿಲ್ಲಿನಲ್ಲಿ ನೆಗೆಟಿವ್ ಮೇಲೇ ಟಚಿಂಗ್ ಮಾಡಬಹುದಿತ್ತು. ಟ್ವಿನ್ ಲೆನ್ಸ್‌ನಲ್ಲಿ ಶಟರ್, ಅಂದರೆ ಬೆಳಕು ಬಿಡುವ ಬಾಗಿಲು, ಲೆನ್ಸಿನೊಳಗೇ ಇರುವುದರಿಂದ ಯಾವ ವೇಗದಲ್ಲಿಟ್ಟರೂ ಫ್ಲಾಶ್ ಹೊಂದುತ್ತಿತ್ತು. ಸದ್ದೂ ಕಡಿಮೆ, ಮಾಂಗಲ್ಯ ಕಟ್ಟುವ ಹೊತ್ತಿನಲ್ಲಿ ಯಾರಿಗೂ ತೊಂದರೆ ಇಲ್ಲ. ರೋಲಿಗೆ ಹನ್ನೆರಡೇ ಫೋಟೋ. ಹಾಗಾಗಿ ಸುಮ್ನೆ ಬಟನ್ ಒತ್ತುತ್ತಾ ಹೋಗುವ ಮಾತೇ ಇರಲಿಲ್ಲ.

ಒಂದೊಂದು ಕ್ಯಾಮೆರಾದ ಗುಣವೂ ಬೇರೆ. ಅದನ್ನು ತಿಳಿಯಲು ಹಳೇಬೀಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಗೋಡೆಯ ಕೆಳಸಾಲಿನ ಆನೆಗಳ ಹತ್ತಿರ ಟ್ವಿನ್ ಲೆನ್ಸ್ ಹಿಡಿದುಕೊಂಡು ಹೋಗಿ. ಮೇಲಿನ ಲೆನ್ಸ್ ಕಾಣುವುದೇ ಒಂದು, ಕೆಳಗಿನದು ಹಿಡಿಯುವುದೇ ಇನ್ನೊಂದು. ದೂರದಲ್ಲಿ ಈ ವ್ಯತ್ಯಾಸ ಗೊತ್ತಾಗಲ್ಲ, ಹತ್ತಿರ ಹೋದಷ್ಟೂ ಆನೆಯ ತಲೆಯೇ ಚೌಕಟ್ಟಿನಿಂದ ಜಾರುತ್ತದೆ. ಹ್ಯಾಸೆಲ್‌ಬ್ಲಾಡ್‌ನಲ್ಲಿ ಕಂಡದ್ದೇ ಫಿಲ್ಮಿಗೆ ಬೀಳುತ್ತದೆ. ಬೇಲೂರಿನ ಮದನಿಕೆಯರು ಸೂರಿನ ಕೆಳಗಿದ್ದಾರೆ. ಅವರನ್ನು ಹಿಡಿಯಲು ಉದ್ದ ಲೆನ್ಸ್ ಬೇಕು, ಅದನ್ನು ಹಾಕಲು ರೋಲಿಫ್ಲೆಕ್ಸ್‌ನಲ್ಲಿ ಆಗುವುದಿಲ್ಲ. ಮಾಮಿಯಾದ ಸಿ ಸರಣಿಯ ಟ್ವಿನ್ ಲೆನ್ಸ್‌ನಲ್ಲಿ ಲೆನ್ಸ್ ಬದಲಿಸಬಹುದು. ಬೆಲೆಯೂ ಹ್ಯಾಸೆಲ್‌ಬ್ಲಾಡ್‌ಗಿಂತ ಎಷ್ಟೋ ಕಡಿಮೆ. ಇದನ್ನು ಯಾಕೆ ಜನ ಕಡೆಗಣಿಸುತ್ತಾರೋ!

1970ರ ಮಾಮಿಯಾ ಆರ್‌ಬಿ67 ಸ್ಟುಡಿಯೋದ ಪ್ರಾಣಿ. ಅಡ್ಡ ಫೋಟೋದಿಂದ ಉದ್ದ ಫೋಟೋಗೆ ಬರಲು ಹಿಂಬದಿಯನ್ನಷ್ಟೇ ತಿರುಗಿಸಿದರೆ ಸಾಕು. ಆದರೆ ಲೆನ್ಸ್ ಸೇರಿ ಎರಡೂವರೆ ಕೆಜಿಗಿಂತ ಜಾಸ್ತಿ ತೂಕ. ಅದನ್ನು ಹೊತ್ತು ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ಅಂತ ನಾನು ಯಾರಿಗೂ ಹೇಳಲಾರೆ. ಪೆಂಟಾಕ್ಸ್ 67 ಬೆಟ್ಟಕ್ಕೆ ಸರಿ, ಛತ್ರಕ್ಕೆ ಅಲ್ಲ: ಫೋಟೋ ತೆಗೆಯುವಾಗ ಒಳಗಿನ ಕನ್ನಡಿ ಏಳುವ ಸದ್ದು ಜೋರು, ಫ್ಲಾಶಿಗೆ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೇ ಇಳಿಯಬೇಕು.

ಆಮೇಲೆ 35 ಎಂಎಂ ಕಲರ್ ಲ್ಯಾಬುಗಳು ಬಂದವು. ಗಂಟೆಯೊಳಗೆ ಪ್ರಿಂಟ್ ಕೈಗೆ ಸಿಗತೊಡಗಿದ ಮೇಲೆ ಚೌಕ ನೆಗೆಟಿವ್ ಯಾರಿಗೆ ಬೇಕು? ಡಿಜಿಟಲ್ ಬಂದಾಗ ಉಳಿದವೂ ಮೂಲೆ ಸೇರಿದವು. ಹ್ಯಾಸೆಲ್‌ಬ್ಲಾಡ್ ಕೂಡ ತನ್ನ ಹಳೇ ಸರಣಿಯನ್ನು 2013ರಲ್ಲಿ ನಿಲ್ಲಿಸಿತು. ಹೊಸದು ತಯಾರಾಗದೆ, ಕೇಳುವವರು ಹೆಚ್ಚಿದ್ದರಿಂದ ಹಳೆಯದರ ಬೆಲೆ ಏರಿದೆ. ಏರಿದ ಬೆಲೆಯೆಲ್ಲ ಬಾಳಿಕೆಯ ಬೆಲೆಯಲ್ಲ. 1995ರ ಮಾಮಿಯಾ 7 ಇವತ್ತು ಬಹಳ ದುಬಾರಿ. ಅದರ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಬಿಡಿಭಾಗ ಹುಡುಕುವುದೇ ಕಷ್ಟ. ಯಾಶಿಕಾಮ್ಯಾಟ್ 124ಜಿಯ ಬ್ಯಾಟರಿ ಸತ್ತರೆ ಲೈಟ್ ಮೀಟರ್ ಮಾತ್ರ ನಿಲ್ಲುತ್ತದೆ, ಕ್ಯಾಮೆರಾ ಓಡುತ್ತದೆ. ಲೆನ್ಸಿನ ಕಿಂಡಿಯನ್ನು ಎಫ್8ರ ಅಳತೆಗೆ ಕಿರಿದು ಮಾಡಿದರೆ ಅದರ ಫೋಟೋಗೂ ರೋಲಿಫ್ಲೆಕ್ಸ್ ಫೋಟೋಗೂ ಪ್ರಿಂಟ್‌ನಲ್ಲಿ ಹೆಚ್ಚು ಅಂತರ ಕಾಣದು.

ಇನ್ನು ಮಳೆಯ ವಿಷಯ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಚರ್ಮದ ಕವರಿನಲ್ಲಿ ಮುಚ್ಚಿಟ್ಟ ಲೆನ್ಸ್ ಉಳಿಯುತ್ತದಾ? ಜೋಪಾನವಾಗಿರಲಿ ಅಂತ ಕವರಿನಲ್ಲಿಟ್ಟದ್ದೇ ಮುಳುವಾಗಿದೆ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಗಾಜಿನ ಮೇಲೆ ಜೇಡರ ಬಲೆಯಂತೆ ಎಳೆ ಹರಡುತ್ತದೆ. ಬೇಗ ಕಂಡರೆ ಒರೆಸಿ ತೆಗೆಯಬಹುದು. ತಡವಾದರೆ ಅದು ಬಿಡುವ ಆಮ್ಲ ಲೇಪವನ್ನು ತಿಂದು ಗಾಜಿಗೇ ಗುರುತು ಹಾಕುತ್ತದೆ, ಅದು ಹೋಗುವುದಿಲ್ಲ. ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಗೂಡಿನಲ್ಲಿ ತೆರೆದು ಬಿಟ್ಟ ಕ್ಯಾಮೆರಾಕ್ಕೆ ಈ ಭಯ ಕಡಿಮೆ. ಅಲ್ಲಿ ಧೂಳಿನ ಕಾಟ ಇದ್ದೇ ಇದೆ, ಆದರೆ ಧೂಳು ಗಾಜನ್ನು ತಿನ್ನುವುದಿಲ್ಲ.

ಹಾಗಾಗಿ ಕೊಳ್ಳುವವರಾಗಲಿ, ಮಾರುವವರಾಗಲಿ ಮೊದಲು ಶಟರನ್ನು 'ಬಿ'ಯಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತು) ತೆರೆದಿಟ್ಟು ಟಾರ್ಚ್ ಬಿಟ್ಟು ಲೆನ್ಸ್ ನೋಡಿ. ಆಮೇಲೆ ಒಂದು ಸೆಕೆಂಡಿಗೆ ಇಟ್ಟು ಶಟರ್ ಬಿಡಿ. ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ಎರಡೂ ಸರಿಯಿದ್ದರೆ ಯಾಶಿಕಾಗೂ ಧೈರ್ಯವಾಗಿ ಒಳ್ಳೆಯ ಬೆಲೆ ಹೇಳಿ. ಬೂಷ್ಟು ಕಂಡರೆ ರೋಲಿಫ್ಲೆಕ್ಸ್ ಆದರೂ ಸರ್ವಿಸ್ ಖರ್ಚು ಕಳೆದೇ ಮಾತಾಡಿ. ಗಾಜಿಗೇ ಗುರುತು ಬಿದ್ದಿದ್ದರೆ ಬಿಡಿಭಾಗದ ಬೆಲೆಗಷ್ಟೇ ಕೊಳ್ಳಿ.