ಸೆನುಫೊ ಮುಖವಾಡಗಳು ತೋಪು ಬಿಟ್ಟದ್ದು ಹೇಗೆ?

ಯೂರೋಪಿನ ಸಂಗ್ರಹಾಲಯದಲ್ಲಿ ಆಫ್ರಿಕಾದ ಮುಖವಾಡ ಕಂಡೊಡನೆ ವಸಾಹತು ಸೈನ್ಯದ ಲೂಟಿ ನೆನಪಾಗುತ್ತದೆ. ಇಂದಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಕಂಚಿನ ಫಲಕಗಳ ಮಟ್ಟಿಗೆ ಅದು ನಿಜ. ಸೆನುಫೊ ಜನರ ಕೆತ್ತನೆಗಳ ಕಥೆ ಅಷ್ಟು ನೇರವಾಗಿಲ್ಲ.

ಐವರಿ ಕೋಸ್ಟ್‌ನ ಉತ್ತರ ಭಾಗ, ಅದಕ್ಕೆ ತಾಗಿದ ಮಾಲಿ ಮತ್ತು ಬುರ್ಕಿನಾ ಫಾಸೊ ಸೀಮೆಗಳಲ್ಲಿ ಹರಡಿಕೊಂಡಿರುವ ಈ ಬೇಸಾಯಗಾರರಲ್ಲಿ ಗಂಡಸರ ದೀಕ್ಷಾ ಸಂಘಕ್ಕೆ ಪೊರೊ ಎಂದು ಹೆಸರು. ಊರಂಚಿನ ಪವಿತ್ರ ತೋಪೇ ಅದರ ಪಾಠಶಾಲೆ. ವರ್ಷಗಟ್ಟಲೆ ನಡೆಯುವ ಈ ಶಿಕ್ಷಣದ ಮುಖವಾಡಗಳು ಹೆಚ್ಚಾಗಿ ಊರಿನೊಳಗೆ ಬರುವುದು ಹಿರಿಯರ ಉತ್ತರಕ್ರಿಯೆಗೆ. ಸತ್ತವರ ಚೇತನವನ್ನು ಮನೆ ಬಿಡಿಸಿ ಪಿತೃಗಳತ್ತ ಕಳಿಸಬೇಕಲ್ಲ! ಅವುಗಳಲ್ಲಿ ಕ್ಪೆಲಿಯೆ ಎಂಬುದು ನುಣುಪಾದ ಪುಟ್ಟ ಹೆಣ್ಣು ಮುಖ, ಅದನ್ನು ತೊಟ್ಟು ಕುಣಿಯುವವನು ಮಾತ್ರ ಗಂಡಸು. ತಲೆಯನ್ನೇ ಮುಚ್ಚುವ ಇನ್ನೊಂದು ಬಗೆಯಲ್ಲಿ ಮೊಸಳೆಯಂತೆ ಬಾಯ್ದೆರೆದ ದವಡೆ, ಕಾಡುಹಂದಿಯ ಕೋರೆ, ಹುಲ್ಲೆಯ ಕೊಂಬುಗಳು, ಆ ಕೊಂಬುಗಳ ನಡುವೆ ಗೋಸುಂಬೆ, ಮಂಗಟ್ಟೆ ಹಕ್ಕಿ ಎಲ್ಲವೂ ಸೇರಿರುತ್ತವೆ. ಮಾಟಗಾರರನ್ನೂ ದುಷ್ಟ ಶಕ್ತಿಗಳನ್ನೂ ಹೆದರಿಸಲು ಒಂದೇ ಪ್ರಾಣಿಯ ಬಲ ಸಾಲದು.

1950ರ ಸುಮಾರಿಗೆ ಇಂದಿನ ಮಾಲಿಯ ಕಡೆಯಿಂದ ಮಾಸಾ ಎಂಬ ಹೊಸ ಪಂಥ ಐವರಿ ಕೋಸ್ಟ್‌ನ ಉತ್ತರದಲ್ಲಿರುವ ಕೊರ್ಹೊಗೊ ಸೀಮೆಗೆ ಹಬ್ಬಿತು. ಮಾಟದಿಂದ ರಕ್ಷಣೆ, ಒಳ್ಳೆಯ ಬೆಳೆ, ಆರೋಗ್ಯ ಅದರ ಭರವಸೆ. ಹಳೆಯ ಪೂಜಾವಸ್ತುಗಳನ್ನು ತೊರೆಯಬೇಕೆಂಬುದು ಷರತ್ತು. ಹಲವೆಡೆ ಊರವರೇ ಮೂರ್ತಿಗಳನ್ನು ಹೊರಹಾಕಿದರು. ಲತಾಹಾ ಎಂಬ ಹಳ್ಳಿಯಲ್ಲಿ ಅಂಥ ಕೆಲವನ್ನು ಒಟ್ಟುಮಾಡಿದವರು ಕ್ಯಾಥೊಲಿಕ್ ಪಾದ್ರಿ ಗೇಬ್ರಿಯಲ್ ಕ್ಲಾಮೆನ್ಸ್. ಸ್ವಿಸ್ ವ್ಯಾಪಾರಿ ಎಮಿಲ್ ಸ್ಟೋರರ್ ಕೂಡ ಆ ವರ್ಷಗಳಲ್ಲಿ ಅಲ್ಲಿ ಓಡಾಡಿದವರು. ಲತಾಹಾದ ಒಂದು ಕೆತ್ತನೆ ಕೊನೆಗೆ ಜ್ಯೂರಿಕ್‌ನ ರೀಟ್‌ಬರ್ಗ್ ಸಂಗ್ರಹಾಲಯ ಸೇರಿತು.

ಪಾದ್ರಿ ಕಲೆಯನ್ನು ಉಳಿಸಿದರೆಂಬ ಹೊಗಳಿಕೆ ಹಳೆಯದು. ನನಗೆ ಅದು ಅರೆಸತ್ಯವಾಗಿ ಕಾಣುತ್ತದೆ. ಪೊರೊವನ್ನು ಬಿಡಿಸುವುದೇ ಮಿಷನ್‌ನ ಉದ್ದೇಶವಾಗಿದ್ದಾಗ, ಪೊರೊದ ವಸ್ತುಗಳಿಗೆ ಅದರ ಪಾದ್ರಿ ಎಂಥ ಕಾವಲುಗಾರ? ಊರವರು ಬೇಡವೆಂದದ್ದು ಆ ಗಳಿಗೆಯಲ್ಲಿ. ಮಾಸಾ ತಣ್ಣಗಾದ ಮೇಲೆ ಪೊರೊ ಮುಂದುವರಿಯಿತು, ವಸ್ತುಗಳು ಮಾತ್ರ ಮರಳಲಿಲ್ಲ. 1963ರಲ್ಲಿ ನ್ಯೂಯಾರ್ಕಿನಲ್ಲಿ ಸೆನುಫೊ ಶಿಲ್ಪಗಳದ್ದೇ ದೊಡ್ಡ ಪ್ರದರ್ಶನ ನಡೆಯಿತು. ಸಂಗ್ರಾಹಕರ ಆಸೆ ಬೆಳೆದಂತೆ ತೋಪುಗಳಿಂದ ಕಳವೂ ನಡೆಯಿತು.

ಈ ಬೇಡಿಕೆಯನ್ನು ಚೆನ್ನಾಗಿ ಅರಿತವರು ಕುಲೆಬೆಲೆ ಎಂಬ ಮರಗೆಲಸದವರು. ಸಂಗ್ರಾಹಕನಿಗೆ ಬಳಸಿ ಸವೆದ ಮುಖವಾಡವೇ ಬೇಕು. ಆದ್ದರಿಂದ ಹೊಸದಕ್ಕೆ ಹಳೆಯ ಬಣ್ಣ ಬರಿಸುವ ಕೈಚಳಕವೂ ಬೆಳೆಯಿತು. ಪೊರೊದ ಹಿರಿಯರ ಲೆಕ್ಕ ಬೇರೆ. ಗೆದ್ದಲು ತಿಂದ ಮುಖವಾಡದ ಜಾಗಕ್ಕೆ ಹೊಸದು ಕೆತ್ತಿಸಿ, ಬಲಿ ಕೊಟ್ಟು, ಅದನ್ನೇ ಕುಣಿಸುತ್ತಾರೆ.