ಓದುಗರ ಪ್ರಶ್ನೆ: ಸಿಂಗಾಪುರದಾಗ ಜುಮ್ಮಾ ಖುತ್ಬಾ (ಶುಕ್ರವಾರದ ನಮಾಜಿನ ಪ್ರವಚನ) ಸರ್ಕಾರನೇ ಬರ್ದು ಕೊಡ್ತದಂತ, ಖರೇನಾ?

ಕಲಬುರಗಿಯಿಂದ ಒಬ್ರು ಕೇಳ್ಯಾರ. ಅವರ ಭಾವ ಅಲ್ಲಿ ಕೆಲಸಕ್ಕ ಇದ್ದಾರಂತ, ಪಗಾರದಾಗೂ ಮಸೀದಿ ದುಡ್ಡು ಕಟ್ ಆಗ್ತದಂತ.

ಹೌದ್ರಿ, ಬಹಳಷ್ಟು ಖರೆನೇ ಅದ. 1966ರ ಕಾಯ್ದೆ ಪ್ರಕಾರ 1968ರಾಗ ಮುಯಿಸ್ ಅಂತ ಒಂದು ಸರ್ಕಾರಿ ಮಂಡಳಿ ಶುರುವಾಯ್ತು, ಮಸೀದಿ, ಜಕಾತ್ (ಕಡ್ಡಾಯ ದಾನ), ಹಜ್, ಹಲಾಲ್ ಸರ್ಟಿಫಿಕೇಟ್ ಎಲ್ಲಾ ಅದರ ಕೈಯಾಗ, ಖುತ್ಬಾನೂ ಅಲ್ಲೇ ತಯಾರಾಗಿ ಮಸೀದಿಗಳಿಗೆ ಹೋಗ್ತದ. ನಮ್ ಕಡಿ ವಕ್ಫ್ ಬೋರ್ಡ್ ಅಂದ್ರ ಜಮೀನು, ಬಾಡಿಗಿ, ಕೋರ್ಟ್ ಕೇಸು. ಬಂದೇ ನವಾಜ್ ದರ್ಗಾದ ಬಾಜು ಮಸೀದ್ಯಾಗ ಇಮಾಮ್ರು ಇವತ್ತ ಏನ್ ಹೇಳ್ಬೇಕು ಅಂತ ಬೆಂಗಳೂರಿಂದ ಕಾಗದ ಬರಲ್ಲ.

ಪಗಾರದ ಮಾತು ಅಂದ್ರ, ಸರ್ಕಾರ ಹಳೇ ಹಳ್ಳಿ ಕೆಡವಿ ಜನಾನ್ನ ಫ್ಲ್ಯಾಟಿಗೆ ಹಾಕ್ತು, ಹೊಸ ಬಡಾವಣ್ಯಾಗ ಮಸೀದಿ ಬೇಕಲ್ಲ, ಅದಕ್ಕ 1975ರಾಗ ತಿಂಗಳಿಗೆ 50 ಸೆಂಟ್ಸ್ ಕಟ್ ಮಾಡೋದು ಶುರು ಮಾಡಿದ್ರು. ಈಗ ಸಂಬಳ ನೋಡಿ ಹೆಚ್ಚು ಕಡಿಮಿ. ಪೇ ಸ್ಲಿಪ್‌ನಾಗ ಈ ನಿಧಿ ಹೆಸರು ಎಂಬಿಎಂಎಫ್ ಅಂತ ಇರ್ತದ, ಬ್ಯಾಡ ಅಂದ್ರ ಅರ್ಜಿ ಕೊಟ್ಟು ನಿಲ್ಲಸ್ಬಹುದು. ಈ ದುಡ್ಡಿಂದ 20ಕ್ಕೂ ಹೆಚ್ಚು ಮಸೀದಿ ಎದ್ದಾವ, ಇದನ್ನ ಸುಳ್ಳು ಅನ್ನಕ್ಕಾಗಲ್ಲ.

ಇಷ್ಟೆಲ್ಲಾ ಯಾಕ ಅಂದ್ರ ಅಂಜಿಕಿ. 1964ರ ಜುಲೈದಾಗ ಪೈಗಂಬರ್ ಜಯಂತಿ ಮೆರವಣಿಗ್ಯಾಗ ಮಲಯ್ ಚೀನೀ ಜಗಳ ಹತ್ತಿ ಜನ ಸತ್ರು. ಆಮ್ಯಾಲ 2001ರ ಕೊನಿಗೆ ಜೆಮಾ ಇಸ್ಲಾಮಿಯಾ ಅನ್ನೋ ಉಗ್ರ ಸಂಘಟನಿಯವ್ರನ್ನ ಹಿಡದ್ರು. 2005ರಾಗ ಮುಯಿಸ್ ಸಿಂಗಾಪುರದ ಮುಸ್ಲಿಂ ಹೆಂಗಿರ್ಬೇಕು ಅಂತ 10 ಗುಣದ ಪಟ್ಟಿನೇ ಮಾಡ್ತು: ಧರ್ಮ ಗಟ್ಟಿ ಹಿಡೀಬೇಕು, ಕಾಲಕ್ಕ ಹೊಂದ್ಕೋಬೇಕು, ಛಲೋ ಮುಸ್ಲಿಂ ಆದವ ಛಲೋ ನಾಗರಿಕನೂ ಆಗಿರ್ತಾನ, ಹಿಂಗ. 2017ರಿಂದ ದೀನಿ (ಧರ್ಮದ) ಪಾಠ ಹೇಳೋ ಉಸ್ತಾದ್‌ರು ರಿಜಿಸ್ಟರ್ ಆಗ್ಲೇಬೇಕು.

ಪಟ್ಟಿ ಓದಿದ್ರ ತಪ್ಪು ಹುಡುಕೋದು ಕಷ್ಟ ಅದ ಖರೆ. ನನಗ ಕಿರಿಕಿರಿ ಆಗೋದು ಬ್ಯಾರೇದಕ್ಕ, ಈ ಹೊಂದ್ಕೊಳ್ಳೋದು ಯಾವಾಗ, ಎಷ್ಟು ಅನ್ನೋದು ಮ್ಯಾಲಿನವ್ರ ಕೈಯಾಗೇ ಉಳಿತದ. ಹಿಜಾಬ್ ವಿಷಯನೇ ನೋಡ್ರಿ. 2002ರಾಗ ತಲಿಗೆ ಬಟ್ಟಿ ಕಟ್ಕೊಂಡು ಬಂದ ಸಣ್ಣ ಹುಡುಗ್ಯಾರನ್ನ ಸರ್ಕಾರಿ ಶಾಲಿಯಿಂದ ಹೊರಗಿಟ್ರು, ಸರ್ಕಾರಿ ಆಸ್ಪತ್ರಿ ನರ್ಸ್‌ಗಳು ಕೇಳ್ತಾ ಕೇಳ್ತಾ 2021ರ ನವೆಂಬರ್ ತನಕ ಕಾದ್ರು, ಆವಾಗ ಪರ್ಮಿಶನ್ ಸಿಕ್ತು, ಶಾಲಿ ಮಕ್ಕಳಿಗೆ ಆವಾಗೂ ಸಿಗ್ಲಿಲ್ಲ.